ಅಳತೆಗೋಲು ನಿಂತ ಜಾಗ: ಒಂದು ಸಣ್ಣ ಮನರಂಜನಾ ಉದ್ಯಾನದ ಪ್ರಕರಣ ಅಧ್ಯಯನ

ಶಿವಮೊಗ್ಗ ಸೀಮೆಯ ಒಂದು ಸಣ್ಣ ಮನರಂಜನಾ ಉದ್ಯಾನದಲ್ಲಿ, ನಿಗದಿಪಡಿಸಿದ ಎತ್ತರವಿಲ್ಲದ ಮಗುವೊಂದನ್ನು ರೋಲರ್ ಕೋಸ್ಟರಿಗೆ ಹತ್ತಿಸಿದ್ದರಿಂದ ಆದ ಅವಘಡ ಮತ್ತು ಅದರ ನಂತರ ಅಲ್ಲಿ ಒಂದೊಂದಾಗಿ ತೆಗೆದುಕೊಂಡ ತೀರ್ಮಾನಗಳು ಈ ಬರಹದ ವಸ್ತು. ಮಗುವಿಗೆ ಸಣ್ಣ ಗಾಯವಾಯಿತು, ಪ್ರಾಣಕ್ಕೆ ಅಪಾಯವಾಗಲಿಲ್ಲ, ಸುದ್ದಿಯೂ ಆಗಲಿಲ್ಲ. ಇಂತಹ ಘಟನೆಗಳು ಮರೆತುಹೋಗುವುದೇ ಹೆಚ್ಚು. ಅದಕ್ಕಾಗಿಯೇ ಮಾಲೀಕರ ಮತ್ತು ಮಗುವಿನ ಮನೆಯವರ ಒಪ್ಪಿಗೆ ಪಡೆದು ಇದನ್ನು ದಾಖಲಿಸುತ್ತಿದ್ದೇನೆ. ಉದ್ಯಾನದ ಹೆಸರು, ಊರು, ವರ್ಷ ಹಾಗೂ ವ್ಯಕ್ತಿಗಳ ಗುರುತನ್ನು ಬಿಟ್ಟಿದ್ದೇನೆ. ಘಟನೆಯ ಅರ್ಥ ಕೆಡದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಂತ್ರಗಳ ಸುರಕ್ಷತೆಯನ್ನು ಪರಿಶೀಲಿಸುವುದು ನನ್ನ ವೃತ್ತಿಯಾದ್ದರಿಂದ, ಘಟನೆ ನಡೆದ ವಾರವೇ ಮಾಲೀಕರು ನನ್ನನ್ನು ಕರೆಸಿಕೊಂಡಿದ್ದರು.

ಹಿನ್ನೆಲೆ

ಉದ್ಯಾನವಿರುವುದು ಒಂದು ಕಾಲದಲ್ಲಿ ಗದ್ದೆಯಾಗಿದ್ದ ಜಾಗದಲ್ಲಿ. ಅಡಿಕೆ ಬೆಳೆಗಾರರೊಬ್ಬರು ತಮ್ಮ ಸಂಬಂಧಿಯ ಜೊತೆ ಪಾಲುದಾರಿಕೆಯಲ್ಲಿ ಅದನ್ನು ನಡೆಸುತ್ತಾರೆ. ನೀರಿನ ಆಟಗಳು, ದೋಣಿಯಂತೆ ತೂಗುವ ಒಂದು ಕೊಲಂಬಸ್, ಮಕ್ಕಳ ರೈಲು, ಮತ್ತು ಎಲ್ಲರೂ ಮೊದಲು ಓಡಿಹೋಗುವ ಒಂದು ಸಣ್ಣ ರೋಲರ್ ಕೋಸ್ಟರ್ ಅಲ್ಲಿವೆ. ಕೋಸ್ಟರಿನ ಎತ್ತರ ಸುಮಾರು 9 ಮೀಟರ್. ಬೆಂಗಳೂರು, ಮೈಸೂರುಗಳ ದೊಡ್ಡ ಉದ್ಯಾನಗಳನ್ನು ನೋಡಿದವರಿಗೆ ಇದು ಏನೂ ಅಲ್ಲವೆನಿಸಬಹುದು. ಆದರೆ 9 ಮೀಟರ್ ಎತ್ತರದಿಂದ ಇಳಿದ ಬಂಡಿ, ಘರ್ಷಣೆಯಲ್ಲಿ ಕಳೆದುಕೊಂಡದ್ದನ್ನು ಬಿಟ್ಟರೂ, ತಳದಲ್ಲಿ ಗಂಟೆಗೆ 45 ಕಿಲೋಮೀಟರ್ ಆಸುಪಾಸಿನ ವೇಗ ಪಡೆಯುತ್ತದೆ. ಸಣ್ಣ ಕೋಸ್ಟರಿನ ತಿರುವುಗಳೂ ಉಬ್ಬುಗಳೂ ಇಕ್ಕಟ್ಟಾಗಿರುವುದರಿಂದ ಮೈಗೆ ತಗಲುವ ಬಲ ಎತ್ತರಕ್ಕೆ ತಕ್ಕಂತೆ ಕಡಿಮೆಯಾಗುವುದಿಲ್ಲ. ಇದು ಬಂದವರಿಗೆ ತಿಳಿದಿರುವುದಿಲ್ಲ. ತಿಳಿದಿರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ನಮ್ಮ ಕಡೆಯವರು ಇಂತಹ ಆಟಗಳನ್ನು ಮೊದಲು ಕಂಡದ್ದು ಜಾತ್ರೆಗಳಲ್ಲಿ. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಜಾತ್ರೆಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತೊಟ್ಟಿಲು ಹತ್ತುವುದು ಮೂರು ತಲೆಮಾರಿನ ರೂಢಿ. ಅಲ್ಲಿ ಯಾರೂ ಮಗುವಿನ ಎತ್ತರ ಅಳೆಯುವುದಿಲ್ಲ. ಮಗುವನ್ನು ಹಿಡಿದುಕೊಳ್ಳುವುದು ಹಿರಿಯರ ಜವಾಬ್ದಾರಿ, ಹಿಡಿದುಕೊಂಡರೆ ಸಾಕು ಎಂಬ ತಿಳುವಳಿಕೆ ಅಲ್ಲಿಂದಲೇ ಬಂದದ್ದು. ನಿಧಾನವಾಗಿ ತಿರುಗುವ ತೊಟ್ಟಿಲಿನಲ್ಲಿ ಆ ತಿಳುವಳಿಕೆ ಬಹುಮಟ್ಟಿಗೆ ನಡೆದುಕೊಂಡು ಬಂದಿದೆ. ಕೋಸ್ಟರಿನಲ್ಲಿ ಅದು ನಡೆಯುವುದಿಲ್ಲ.

ಕೋಸ್ಟರಿನ ಡಬ್ಬಿಗಳಲ್ಲಿ ಇಬ್ಬಿಬ್ಬರು ಕೂರುವ ಬೆಂಚುಗಳಿವೆ. ಪ್ರತಿ ಬೆಂಚಿಗೆ ತೊಡೆಗಳ ಮೇಲೆ ಇಳಿಯುವ ಒಂದೇ ಅಡ್ಡಕಂಬಿ. ಅದನ್ನು ಒತ್ತಿದಾಗ ಹಲ್ಲಿನ ಚಕ್ರದ ಮೇಲೆ ಕಟಕಟನೆ ಇಳಿದು ಬೀಗ ಬೀಳುತ್ತದೆ. ನಿಲ್ದಾಣದಲ್ಲಿ ಆಪರೇಟರ್ ಬಿಡಿಸುವವರೆಗೆ ಮೇಲೇಳುವುದಿಲ್ಲ. ತಯಾರಕರ ಕೈಪಿಡಿಯ ಪ್ರಕಾರ 120 ಸೆಂಟಿಮೀಟರಿಗಿಂತ ಕಡಿಮೆ ಎತ್ತರದವರಿಗೆ ಪ್ರವೇಶವಿಲ್ಲ. ಸಾಮಾನ್ಯವಾಗಿ ಏಳು ವರ್ಷದ ಆಸುಪಾಸಿನಲ್ಲಿ ಮಕ್ಕಳು ಆ ಎತ್ತರ ಮುಟ್ಟುತ್ತಾರೆ. ಕೋಸ್ಟರಿನ ಗೇಟಿನ ಪಕ್ಕದಲ್ಲಿ ಬಣ್ಣ ಬಳಿದ ಅಳತೆಗೋಲು ಮತ್ತು ಕನ್ನಡದ ಫಲಕ ಎರಡೂ ಮೊದಲ ದಿನದಿಂದಲೇ ಇದ್ದವು. ಗೇಟಿನಲ್ಲಿ ನಿಲ್ಲುತ್ತಿದ್ದವನು ಐಟಿಐ ಫಿಟ್ಟರ್ ಓದಿದ ಹತ್ತಿರದ ಹಳ್ಳಿಯ ಹುಡುಗ. ಕೆಲಸದಲ್ಲಿ ಚುರುಕು, ಯಂತ್ರದ ಸದ್ದು ಬದಲಾದರೆ ದೂರದಿಂದಲೇ ಗುರುತಿಸಬಲ್ಲವನು.

ಆ ಭಾನುವಾರ

ಚಳಿಗಾಲದ ಒಂದು ಭಾನುವಾರ, ಶಾಲಾ ಪ್ರವಾಸಗಳ ಋತು. ಜೋಗ, ಸಕ್ರೆಬೈಲು ನೋಡಿಕೊಂಡು ಬಂದ ಬಸ್ಸುಗಳು ಮಧ್ಯಾಹ್ನದ ಹೊತ್ತಿಗೆ ಉದ್ಯಾನ ಸೇರಿದ್ದವು. ಕೋಸ್ಟರಿನ ಸರದಿ ಸಾಲು ಮುಕ್ಕಾಲು ಗಂಟೆಯಷ್ಟು ಉದ್ದವಾಗಿತ್ತು. ಅದರಲ್ಲಿ ತಂದೆ, ಅಜ್ಜಿ ಮತ್ತು ಸುಮಾರು ಆರು ವರ್ಷದ ಮಗನಿದ್ದ ಒಂದು ಕುಟುಂಬವೂ ನಿಂತಿತ್ತು. ಮೂವರ ಟಿಕೆಟ್ಟೂ ಎಲ್ಲಾ ಆಟಗಳಿಗೆ ಅನ್ವಯಿಸುವಂಥದ್ದು, ಪೂರ್ಣ ದರದ್ದು. ಗೇಟಿನಲ್ಲಿ ಅಳೆದಾಗ ಮಗು ಗೆರೆಗಿಂತ ನಾಲ್ಕು ಬೆರಳಿನಷ್ಟು ಕಡಿಮೆಯಿತ್ತು.

ಮುಂದಿನ ಮಾತುಕತೆಯನ್ನು ಗೇಟಿನ ಹುಡುಗ, ತಂದೆ, ಅಜ್ಜಿ ಈ ಮೂವರಿಂದ ಬೇರೆ ಬೇರೆಯಾಗಿ ಕೇಳಿದ್ದೇನೆ. ಮೂರೂ ಹೆಚ್ಚುಕಡಿಮೆ ಹೊಂದುತ್ತವೆ. "ಆಗಲ್ಲ ಅಣ್ಣಾ, ಮಗು ಗೆರೆಗಿಂತ ಸಣ್ಣದು" ಎಂದು ಹುಡುಗ ಹೇಳಿದ. "ಎಂತದೂ ಆಗಲ್ಲ ಮಾರಾಯ, ನಾನು ಗಟ್ಟಿ ಹಿಡ್ಕೊಳ್ತೀನಿ. ಇಷ್ಟೊತ್ತು ನಿಂತಿದ್ದಾನೆ ಪಾಪ" ಎಂದು ತಂದೆ ಹೇಳಿದರು. ಅಜ್ಜಿ, "ಒಂದು ಸಲ ಬಿಡು ಮಗಾ, ಆಸೆ ಪಡ್ತಿದೆ" ಎಂದರು. ಹಿಂದಿನವರು ಗೊಣಗಲು ಶುರುಮಾಡಿದರು. ಮಗು ಅಳತೊಡಗಿತು. ಹುಡುಗ ಗೇಟು ತೆರೆದ. ಖಾಲಿ ಉಳಿದಿದ್ದ ಕೊನೆಯ ಡಬ್ಬಿಯಲ್ಲಿ ತಂದೆ ಮಗ ಕುಳಿತರು. ಇಬ್ಬರೂ ದಪ್ಪ ಸ್ವೆಟರ್ ತೊಟ್ಟಿದ್ದರು. ಹುಡುಗ ಕಂಬಿಯನ್ನು ಒತ್ತಿ, ಎಳೆದು ನೋಡಿ, ಬೀಗ ಬಿದ್ದದ್ದನ್ನು ಖಚಿತಪಡಿಸಿಕೊಂಡು ಗುಂಡಿ ಒತ್ತಿದ.

ಎರಡನೆಯ ಉಬ್ಬಿನ ಮೇಲೆ ಮಗು ಆಸನದಿಂದ ಮೇಲೆದ್ದಿತು. ಮರುಕ್ಷಣ ಬಂಡಿ ತಳಕ್ಕೆ ಇಳಿದಾಗ ಕಂಬಿಯ ಕೆಳಗಿನಿಂದ ಜಾರಿ ಕಾಲಿಡುವ ಜಾಗಕ್ಕೆ ಕುಸಿಯಿತು. ತಂದೆಯ ಕೈಯಲ್ಲಿ ಉಳಿದದ್ದು ಸ್ವೆಟರಿನ ಹಿಂಭಾಗ ಮಾತ್ರ. ಉಳಿದ ಸುತ್ತು ಮುಗಿಯುವವರೆಗೆ ಅವರು ಕಾಲುಗಳನ್ನು ಅಡ್ಡವಿಟ್ಟು ಮಗುವನ್ನು ಒಳಗೇ ತಡೆದು ಹಿಡಿದಿದ್ದರು. ಗದ್ದಕ್ಕೆ ಹೊಲಿಗೆ ಬಿದ್ದವು, ಮೊಣಕೈ ಊದಿಕೊಂಡಿತು. ಡಬ್ಬಿಯ ಪಕ್ಕದ ತಗಡು ಒಂದು ಗೇಣು ತಗ್ಗಾಗಿದ್ದಿದ್ದರೆ ಇಷ್ಟಕ್ಕೆ ನಿಲ್ಲುತ್ತಿರಲಿಲ್ಲ.

ಯಂತ್ರದಲ್ಲಿ ಏನೂ ಕೆಟ್ಟಿರಲಿಲ್ಲ

ನಾನು ಹೋಗುವ ವೇಳೆಗೆ ಮಾಲೀಕರು ಎರಡು ತೀರ್ಮಾನಗಳಿಗೆ ಬಂದಿದ್ದರು: ಕಂಬಿಯ ಬೀಗ ಸಡಿಲವಾಗಿದೆ, ಮತ್ತು ಹುಡುಗನನ್ನು ಕೆಲಸದಿಂದ ತೆಗೆಯಬೇಕು. ಮೊದಲನೆಯದನ್ನು ಪರೀಕ್ಷಿಸುವುದು ಸುಲಭವಾಗಿತ್ತು. ಬೀಗ, ಹಲ್ಲುಗಳು, ಸ್ಪ್ರಿಂಗು, ಬೆಸುಗೆ, ಚಕ್ರಗಳು ಎಲ್ಲವೂ ಸರಿಯಾಗಿದ್ದವು. ಹಳಿಯ ಕೆಳಗಿನಿಂದ ಹಿಡಿದುಕೊಳ್ಳುವ ಚಕ್ರಗಳಿಗೆ ಅಮೆರಿಕದ ಜಾನ್ ಮಿಲ್ಲರ್ 1919ರಲ್ಲಿ ಪೇಟೆಂಟ್ ಪಡೆದ ಮೇಲೆ ಬಂಡಿ ಹಳಿ ಬಿಟ್ಟು ಮೇಲೆ ಹಾರದಂತೆ ನೋಡಿಕೊಳ್ಳುವ ವಿದ್ಯೆ ಬಹಳ ಪಕ್ವವಾಗಿದೆ. ಆ ಚಕ್ರಗಳು ಹಿಡಿಯುವುದು ಬಂಡಿಯನ್ನು. ಬಂಡಿಯೊಳಗಿನ ಮನುಷ್ಯನನ್ನು ಹಿಡಿಯಬೇಕಾದದ್ದು ಆ ಒಂದು ಕಂಬಿ.

ಮನರಂಜನಾ ಆಟಗಳ ಅವಘಡವೆಂದರೆ ನಮ್ಮ ಕಣ್ಣಮುಂದೆ ಬರುವುದು ಉಕ್ಕು ಮುರಿಯುವ ದೃಶ್ಯ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ ಲೋಲಕದಂತೆ ತೂಗುವ ಆಟವೊಂದು ಮುರಿದುಬಿದ್ದು ಇಬ್ಬರು ಸತ್ತದ್ದು ಅಂಥದ್ದು. ಆದರೆ 2022ರ ಮಾರ್ಚ್‌ನಲ್ಲಿ ಅಮೆರಿಕದ ಒರ್ಲ್ಯಾಂಡೋದಲ್ಲಿ ಎತ್ತರದ ಗೋಪುರದಿಂದ ಬೀಳಿಸುವ ಆಟದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಆಸನದಿಂದ ಜಾರಿ ಸತ್ತಾಗ ಯಂತ್ರದ ಯಾವ ಭಾಗವೂ ಮುರಿದಿರಲಿಲ್ಲ. ದೊಡ್ಡ ಮೈಕಟ್ಟಿನವರೂ ಕೂರಲೆಂದು ಆ ಆಸನದ ಸಂವೇದಕವನ್ನು ಕೈಯಿಂದ ಹೊಂದಿಸಿದ್ದರಿಂದ ಹಿಡಿಕೆಗೂ ಆಸನಕ್ಕೂ ನಡುವಿನ ಅಂತರ ಇತರ ಆಸನಗಳ ಸುಮಾರು ಎರಡರಷ್ಟಾಗಿತ್ತೆಂದು ತನಿಖೆಯಲ್ಲಿ ತಿಳಿದುಬಂದಿತು. ನಮ್ಮ ಪ್ರಕರಣವೂ ಈ ಎರಡನೆಯ ಜಾತಿಯದು. ಮೈಗೂ ಕಂಬಿಗೂ ನಡುವೆ ಉಳಿದ ಜಾಗದಲ್ಲಿ ಅಪಾಯವಿತ್ತು, ಮತ್ತು ಆ ಜಾಗವನ್ನು ಯಾರೂ ನೋಡಿರಲಿಲ್ಲ.

ಒಂದೇ ಕಂಬಿಯನ್ನು ಇಬ್ಬರು ಹಂಚಿಕೊಂಡಾಗ ಅದು ದೊಡ್ಡವರ ತೊಡೆಯ ಮೇಲೆ ಕೂತು ನಿಲ್ಲುತ್ತದೆ. ಪಕ್ಕದ ಮಗುವಿನ ತೊಡೆ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಸ್ವೆಟರ್, ಜರ್ಕಿನ್‌ಗಳ ದಪ್ಪ ಇದಕ್ಕೆ ಸೇರಿಕೊಂಡು, ಬಂಡಿ ನಿಂತಿದ್ದಾಗ ಬಿಗಿಯೆನಿಸಿದ ಕಂಬಿ ಬಟ್ಟೆ ಅಮುಕಿಹೋದ ಮೇಲೆ ಸಡಿಲವಾಗುತ್ತದೆ. ಚಳಿಗಾಲದಲ್ಲಿ ಅನೇಕರು ಉಣ್ಣೆ ಬಟ್ಟೆ ತೊಟ್ಟು ಬರುವ ನಮ್ಮಂತಹ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಮಗುವಿನ ಪಾದ ನೆಲಕ್ಕೆ ಎಟಕುವುದಿಲ್ಲವಾದ್ದರಿಂದ ಅದು ಕಾಲೂರಿ ತನ್ನನ್ನು ತಾನು ತಡೆದುಕೊಳ್ಳಲಾರದು. ಮೈಗೆ ಹೋಲಿಸಿದರೆ ತಲೆ ಭಾರವಿರುವುದರಿಂದ ಮುಂದಕ್ಕೆ ಬಾಗುವುದೂ ಬೇಗ.

ಇನ್ನು ಹಿಡಿದುಕೊಳ್ಳುವ ಮಾತು. ಎರಡನೆಯ ಉಬ್ಬಿನ ನೆತ್ತಿಯಲ್ಲಿ ಬಂಡಿಯ ವೇಗ ಸೆಕೆಂಡಿಗೆ ಸುಮಾರು 7 ಮೀಟರ್, ಉಬ್ಬಿನ ಬಾಗಿನ ತ್ರಿಜ್ಯ ಸುಮಾರು 5 ಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ 9.8 ಬರುತ್ತದೆ, ಭೂಮಿಯ ಗುರುತ್ವ ವೇಗವರ್ಧನೆಯೂ ಅಷ್ಟೇ ಇರುವುದರಿಂದ ಅಲ್ಲಿ ಕೂತವರು ತೂಕವನ್ನೇ ಕಳೆದುಕೊಳ್ಳುತ್ತಾರೆ. ಹೊಟ್ಟೆಯಲ್ಲಿ ಏಳುವ ಆ ಕಚಗುಳಿಗಾಗಿಯೇ ಜನ ಮುಕ್ಕಾಲು ಗಂಟೆ ಕಾಯುವುದು. ಬಂಡಿಯ ನಡುಭಾಗ ನೆತ್ತಿ ದಾಟಿದೊಡನೆ ವೇಗ ಏರತೊಡಗುವುದರಿಂದ ಕೊನೆಯ ಡಬ್ಬಿ ಅದೇ ನೆತ್ತಿಯನ್ನು ಇನ್ನೂ ಜೋರಾಗಿ ದಾಟುತ್ತದೆ. ಅಲ್ಲಿ ಕೂತವರು ಆಸನದಿಂದ ಮೇಲೆಯೇ ಏಳುತ್ತಾರೆ. ಮುಂದಿನ ಒಂದೆರಡು ಸೆಕೆಂಡಿನಲ್ಲಿ ತಳದ ಬಾಗಿನಲ್ಲಿ ಮೈತೂಕ ಮೂರರಷ್ಟಾಗುತ್ತದೆ. ತೂಕವೇ ಇಲ್ಲದಿದ್ದ 18 ಕಿಲೋ ಮಗು ತಟಕ್ಕನೆ 54 ಕಿಲೋ ಅಕ್ಕಿಮೂಟೆಯಂತೆ ತೋಳಿನ ಮೇಲೆ ಬಿದ್ದಾಗ, ತನ್ನ ಮೈತೂಕವೂ ಮೂರರಷ್ಟಾಗಿರುವ ತಂದೆ ಎಷ್ಟು ಪ್ರೀತಿಯಿಂದ, ಎಷ್ಟು ಬಲದಿಂದ ಹಿಡಿದಿದ್ದರೂ ಹಿಡಿತ ನಿಲ್ಲುವುದಿಲ್ಲ. ಆ ತಂದೆಯನ್ನು ನಾನು ಬೇಜವಾಬ್ದಾರಿ ಮನುಷ್ಯರೆಂದು ಎಣಿಸುವುದಿಲ್ಲ. ತಮ್ಮ ಕೈಯಲ್ಲಿ ಆಗುವುದೆಂದು ಅವರು ಮನಃಪೂರ್ವಕ ನಂಬಿದ್ದರು; ಹಾಗೆ ಆಗುವುದಿಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೊದಲ ತಿರುವು

ಹುಡುಗನನ್ನು ತೆಗೆಯುವ ವಿಚಾರಕ್ಕೆ ಮಾಲೀಕರ ಜೊತೆ ದೀರ್ಘವಾದ ಮಾತು ನಡೆಯಿತು. ನಿಯಮ ಅವನಿಗೆ ಗೊತ್ತಿತ್ತು, ಆದರೂ ಗೇಟು ತೆರೆದ, ಹಾಗಾಗಿ ತಪ್ಪು ಅವನದೇ ಎಂಬುದು ಅವರ ವಾದವಾಗಿತ್ತು. ಮಗು ಸಣ್ಣದಿದ್ದಾಗ ಹಿಂದೆ ಎಷ್ಟು ಸಲ ಹೀಗೆ ಗೇಟು ತೆರೆದಿದ್ದೀಯೆ ಎಂದು ನಾನು ಹುಡುಗನನ್ನು ಕೇಳಿದೆ. ಅವನು ತಲೆ ತಗ್ಗಿಸಿ, "ಭಾನುವಾರ ಆದ್ರೆ ಲೆಕ್ಕ ಇಟ್ಟಿಲ್ಲ ಸರ್" ಎಂದ. ಈ ಉತ್ತರ ನನ್ನನ್ನು ತೀವ್ರವಾಗಿ ಕಲಕಿತು. ಅಂದರೆ ಅಪಘಾತವಾದ ದಿನ ನಡೆದದ್ದು ಅಪರೂಪದ ಲೋಪವಲ್ಲ, ದಿನನಿತ್ಯದ ನಡವಳಿಕೆ. ಅವನ ಬದಲು ಬೇರೊಬ್ಬನನ್ನು ಅದೇ ಜಾಗದಲ್ಲಿ ನಿಲ್ಲಿಸಿದರೆ ಅವನೂ ಗೇಟು ತೆರೆಯುತ್ತಿದ್ದ.

ಏಕೆಂದರೆ ಆ ಜಾಗದಲ್ಲಿ "ಇಲ್ಲ" ಎನ್ನುವುದು ಅಷ್ಟು ಕಷ್ಟ. ಕುಟುಂಬ ಪೂರ್ಣ ದರ ಕೊಟ್ಟಾಗಿದೆ, ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತಾಗಿದೆ, ಮಗುವಿನ ಆಸೆ ಗೇಟಿನವರೆಗೆ ಬೆಳೆದು ನಿಂತಿದೆ. ಎದುರಿಗೆ ಇಪ್ಪತ್ತರ ಹುಡುಗ. ಕೇಳುತ್ತಿರುವವರು ಅವನ ಅಣ್ಣನ, ಅಜ್ಜಿಯ ವಯಸ್ಸಿನವರು, ಕೆಲವೊಮ್ಮೆ ಪಕ್ಕದ ಊರಿನ ಪರಿಚಯದವರೇ. ಹಿರಿಯರ ಮಾತಿಗೆ ಎದುರಾಡಬಾರದೆಂದು ಮನೆಯಲ್ಲಿ ಕಲಿತ ಹುಡುಗನಿಗೆ, ನೂರು ಜನರ ಮುಂದೆ ಎದುರಾಡುವುದೇ ನಿನ್ನ ಕೆಲಸವೆಂದು ಉದ್ಯಾನ ಹೇಳುತ್ತಿತ್ತು, ಆದರೆ ಹಾಗೆ ಎದುರಾಡಿದರೆ ಅವನ ಬೆನ್ನಿಗೆ ಯಾರು ನಿಲ್ಲುತ್ತಾರೆಂದು ಹೇಳಿರಲಿಲ್ಲ. ಹಿಂದೊಮ್ಮೆ ಅವನು ಒಂದು ಮಗುವನ್ನು ತಡೆದಾಗ ಮನೆಯವರು ಕಚೇರಿಗೆ ದೂರು ಕೊಟ್ಟು, ಪಾಲುದಾರರೇ ಬಂದು "ಹೋಗ್ಲಿ ಬಿಡೋ" ಎಂದು ಹತ್ತಿಸಿದ್ದರಂತೆ. ಇದನ್ನು ಕೇಳಿದ ಮೇಲೆ ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗ ಕೆಲಸದಲ್ಲಿ ಮುಂದುವರಿಯಲಿ ಎಂದರು. ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ತೀರ್ಮಾನ ಇದೇ ಎಂದು ನಾನು ಭಾವಿಸುತ್ತೇನೆ; ಅವನನ್ನು ಕಳಿಸಿದ್ದರೆ ಕಡತ ಅಲ್ಲಿಗೇ ಮುಚ್ಚುತ್ತಿತ್ತು, ಮತ್ತು ಅವನಿಗೆ ಗೊತ್ತಿದ್ದ ಸಂಗತಿಗಳು ಅವನ ಜೊತೆಗೇ ಹೊರಟುಹೋಗುತ್ತಿದ್ದವು.

ಪ್ರಯತ್ನಗಳು

ಮೊದಲು ಮಾಡಿದ್ದು ಫಲಕವನ್ನು ದೊಡ್ಡದು ಮಾಡಿ ಕೆಂಪು ಬಣ್ಣ ಬಳಿದದ್ದು. ಅದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ನಂತರ ಗೇಟಿನಲ್ಲಿ ಗಟ್ಟಿಮುಟ್ಟಾದ ಸೆಕ್ಯೂರಿಟಿಯವರೊಬ್ಬರನ್ನು ನಿಲ್ಲಿಸಿದರು. ಸಣ್ಣ ಮಕ್ಕಳು ಹತ್ತುವುದು ನಿಂತಿತಾದರೂ ಜಗಳಗಳು ಹೆಚ್ಚಿ, ಒಂದು ಸಂಜೆ ಕೈಕೈ ಮಿಲಾಯಿಸುವ ಮಟ್ಟಕ್ಕೂ ಹೋಯಿತು. ಮೂರನೆಯ ಸಲಹೆ ಪಾಲುದಾರರದು: ಪ್ರತಿ ಆಸನಕ್ಕೆ ಸೀಟ್ ಬೆಲ್ಟ್ ಹಾಕಿಸೋಣ, ವೆಲ್ಡಿಂಗ್ ಅಂಗಡಿಯವರು ಎರಡು ದಿನದಲ್ಲಿ ಮಾಡಿಕೊಡುತ್ತಾರೆ, ಆಮೇಲೆ ಸಣ್ಣ ಮಕ್ಕಳನ್ನೂ ಹತ್ತಿಸಬಹುದು. ಇದನ್ನು ನಾನು ಕಟುವಾಗಿಯೇ ವಿರೋಧಿಸಿದೆ. ತಯಾರಕರು ಲೆಕ್ಕ ಹಾಕದ ಜಾಗದಲ್ಲಿ ಬೆಸುಗೆ ಹಾಕಿದರೆ ಡಬ್ಬಿಯ ಚೌಕಟ್ಟೇ ದುರ್ಬಲವಾಗಬಹುದು; ಮಳೆಗಾಲದ ತೇವ ಹೊಸ ಬೆಸುಗೆಯ ಸಂದುಗಳಲ್ಲಿ ನಿಂತು ತುಕ್ಕು ಹಿಡಿಸುತ್ತದೆ; ಮೇಲಾಗಿ, ದೊಡ್ಡವರ ಸೊಂಟಕ್ಕೆಂದು ಕಟ್ಟಿದ ಪಟ್ಟಿ ಮಗುವಿನ ಹೊಟ್ಟೆಯ ಮೇಲೆ ಬಂದರೆ ಅದೇ ಗಾಯಕ್ಕೆ ಕಾರಣವಾಗುತ್ತದೆ. ತಯಾರಕರ ಲಿಖಿತ ಒಪ್ಪಿಗೆಯಿಲ್ಲದೆ ಬಂಡಿಗೆ ಒಂದು ಬೋಲ್ಟನ್ನೂ ಸೇರಿಸಬಾರದೆಂಬ ನಿಯಮವನ್ನು ಮಾಲೀಕರು ಅಂದೇ ಕಡತದಲ್ಲಿ ಬರೆದು ಸಹಿ ಮಾಡಿದರು.

ದಾರಿ ಸಿಕ್ಕಿದ್ದು ಟಿಕೆಟ್ ಕೌಂಟರಿನಲ್ಲಿ ಕೂರುವ ಮಹಿಳೆಯ ಮಾತಿನಿಂದ. "ಅಲ್ಲಿ ಹೋಗಿ ಇಲ್ಲ ಅನ್ನೋ ಬದಲು ನಾನೇ ಇಲ್ಲಿ ಹೇಳ್ತೀನಲ್ಲ ಸರ್, ದುಡ್ಡು ತಗೊಳ್ಳೋಕೆ ಮೊದಲೇ" ಎಂದು ಅವರು ಹೇಳಿದರು. ಅಳತೆಗೋಲನ್ನು ಕೋಸ್ಟರಿನ ಗೇಟಿನಿಂದ ಕಿತ್ತು ಕೌಂಟರಿನ ಪಕ್ಕದಲ್ಲಿ ನೆಟ್ಟರು. 120 ಸೆಂಟಿಮೀಟರ್ ಮುಟ್ಟದ ಮಕ್ಕಳಿಗೆ ಅರ್ಧ ದರದ ಹಳದಿ ಕೈಪಟ್ಟಿ, ಮುಟ್ಟಿದವರಿಗೆ ಪೂರ್ಣ ದರದ ಹಸಿರು ಕೈಪಟ್ಟಿ. ಯಾವ ಆಟಕ್ಕೆ ಯಾವ ಬಣ್ಣ ಎಂಬುದು ಹಣ ಕೊಡುವ ಮೊದಲೇ ಮನೆಯವರಿಗೆ ತಿಳಿಯುತ್ತದೆ. ಅಲ್ಲಿ ಮಗು ಇನ್ನೂ ಕೋಸ್ಟರನ್ನು ಹತ್ತಿರದಿಂದ ನೋಡಿರುವುದಿಲ್ಲ, ಹಿಂದೆ ಸಿಡಿಮಿಡಿಗೊಂಡ ಸಾಲಿರುವುದಿಲ್ಲ, ಮತ್ತು "ಆಗಲ್ಲ" ಎನ್ನುವ ಮಾತಿನ ಜೊತೆಗೇ ಅರ್ಧ ದುಡ್ಡು ಉಳಿಯುತ್ತದೆ. ಕೋಸ್ಟರಿನ ಗೇಟಿನಲ್ಲಿ ಹುಡುಗನಿಗೆ ಉಳಿದದ್ದು ಬಣ್ಣ ನೋಡುವ ಕೆಲಸ. ಹಳದಿ ಕೈಪಟ್ಟಿಯವರ ಪರವಾಗಿ ಯಾರಾದರೂ ಒತ್ತಾಯಿಸಿದರೆ ಅವನು ವಾದಿಸಬೇಕಿಲ್ಲ, ಕಚೇರಿಗೆ ಫೋನ್ ಮಾಡಬೇಕು. ಬಂದವರು, ಪಾಲುದಾರರೂ ಸೇರಿ, ಅವನ ಮಾತನ್ನು ಬದಲಿಸುವಂತಿಲ್ಲ ಎಂದು ಮಾಲೀಕರು ಎಲ್ಲರ ಮುಂದೆ ಹೇಳಿದರು. ಜಗಳಗಳು ಕೆಲವೇ ವಾರಗಳಲ್ಲಿ ಬಹುಮಟ್ಟಿಗೆ ನಿಂತವು.

ಹಂಚಿಕೊಳ್ಳುವ ಕಂಬಿಯ ತೊಡಕು ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಎತ್ತರ ಮುಟ್ಟಿದ ಎಂಟು ವರ್ಷದ ಮಗುವೂ ತಾಯಿಯ ಪಕ್ಕದಲ್ಲಿ ಕೂತರೆ ಕಂಬಿ ತಾಯಿಯ ತೊಡೆಯ ಮೇಲೆಯೇ ನಿಲ್ಲುತ್ತದೆ. ಹೀಗಾಗಿ ಸರಿಸುಮಾರು ಒಂದೇ ಮೈಕಟ್ಟಿನವರನ್ನು ಜೋಡಿಯಾಗಿ ಕೂರಿಸಬೇಕು, ಮಕ್ಕಳ ಜೊತೆ ಮಕ್ಕಳನ್ನೇ ಕೂರಿಸಬೇಕು ಎಂದು ಸೂಚಿಸಿದಾಗ ಸಿಬ್ಬಂದಿಯೇ ಒಪ್ಪಲಿಲ್ಲ. ಮಗುವನ್ನು ಅಪ್ಪ ಅಮ್ಮನಿಂದ ಬೇರೆ ಮಾಡಿ ಕೂರಿಸುವುದೇ ಅಪಾಯವೆಂದು ಅವರಿಗೆ ತೋರುತ್ತಿತ್ತು. ಸಹಜವಾಗಿ ಯೋಚಿಸಿದರೆ ಯಾರಿಗೂ ಹಾಗೆಯೇ ತೋರುತ್ತದೆ. ಮಾತಿನಿಂದ ಪ್ರಯೋಜನವಿಲ್ಲವೆಂದು ಕಂಡು, ಒಂದು ಸೋಮವಾರ ಉದ್ಯಾನ ತೆರೆಯುವ ಮೊದಲು ನಿಂತ ಬಂಡಿಯಲ್ಲಿ ಒಂದು ಪರೀಕ್ಷೆ ಮಾಡಿದೆವು. ಬೆಂಚಿನ ಒಂದು ಬದಿಯಲ್ಲಿ ಸೆಕ್ಯೂರಿಟಿಯವರು ಕೂತರು; ಇನ್ನೊಂದು ಬದಿಯಲ್ಲಿ ಸಣ್ಣ ಮಗುವಿನ ತೊಡೆಯ ದಪ್ಪಕ್ಕೆ ಮಡಚಿ ಕಟ್ಟಿದ ಮರಳಿನ ಚೀಲ ಇಟ್ಟೆವು. ಕಂಬಿ ಇಳಿಸಿ ಬೀಗ ಬಿದ್ದ ಮೇಲೆ ಆಪರೇಟರ್ ಹುಡುಗ ಚೀಲವನ್ನು ಕಂಬಿಯ ಕೆಳಗಿನಿಂದ ಒಂದೇ ಕೈಯಲ್ಲಿ ಸಲೀಸಾಗಿ ಎಳೆದು ಹೊರತೆಗೆದ. ಎರಡೂ ಬದಿಗೆ ಅಂಥದೇ ಚೀಲಗಳನ್ನಿಟ್ಟು ಕಂಬಿ ಇಳಿಸಿದಾಗ ಎರಡು ಕೈಯಲ್ಲೂ ಎಳೆಯಲಾಗಲಿಲ್ಲ. ಅಂದಿನಿಂದ ಆ ನಿಯಮವನ್ನು ಬಂದವರಿಗೆ ವಿವರಿಸುವವನು ಅವನೇ. ನಾನು ಹೇಳುವುದಕ್ಕಿಂತ ಅವನು ಚೆನ್ನಾಗಿ ಹೇಳುತ್ತಾನೆ: "ಅಕ್ಕಾ, ನೀವು ಪಕ್ಕ ಕೂತ್ರೆ ಕಂಬಿ ನಿಮ್ಮನ್ನ ಹಿಡಿಯುತ್ತೆ, ಪಾಪುನ ಹಿಡಿಯಲ್ಲ. ನೀವು ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ, ಕಣ್ಣೆದುರೇ ಇರುತ್ತೆ."

ಇದರ ಜೊತೆಗೆ ಇನ್ನೆರಡು ಬದಲಾವಣೆಗಳಾದವು. ದಪ್ಪ ಸ್ವೆಟರ್, ಜರ್ಕಿನ್‌ಗಳನ್ನು ಬಿಚ್ಚಿಡಲು ಗೇಟಿನ ಬಳಿ ಗೂಡುಗಳನ್ನು ಮಾಡಿದರು. ಕಂಬಿ ಪರೀಕ್ಷಿಸುವವರು ಒಬ್ಬರು, ಗುಂಡಿ ಒತ್ತುವವರು ಇನ್ನೊಬ್ಬರು. ಮೊದಲನೆಯವರು ಪ್ರತಿ ಬೆಂಚಿನಲ್ಲೂ ಇಬ್ಬರ ತೊಡೆಗೂ ಕಂಬಿ ತಾಗಿದೆಯೇ ಎಂದು ಕೈಯಿಟ್ಟು ನೋಡಿ, ಕೈ ಎತ್ತಿ ತೋರಿಸದ ಹೊರತು ಬಂಡಿ ಹೊರಡುವುದಿಲ್ಲ. ಈ ನಿಯಮಕ್ಕೆ ಬೆಲೆ ತೆರಬೇಕಾಯಿತು. ವಾರದ ದಿನಗಳಲ್ಲಿ, ಮುಖ್ಯವಾಗಿ ಮಳೆಗಾಲದಲ್ಲಿ, ಒಬ್ಬನೇ ಸಿಬ್ಬಂದಿ ಇದ್ದರೆ ಕೋಸ್ಟರ್ ನಿಲ್ಲುತ್ತದೆ. ದೂರದಿಂದ ಬಂದವರು ಬೇಸರಪಟ್ಟುಕೊಳ್ಳುತ್ತಾರೆ. ಪಾಲುದಾರರು ಲೆಕ್ಕದ ಪುಸ್ತಕ ಮುಂದಿಟ್ಟು ಎರಡು ಸಲ ವಾದ ಮಾಡಿದ್ದಾರೆ. ಮಾಲೀಕರು ಸಡಿಲಿಸಿಲ್ಲ.

ಈಗಿನ ಸ್ಥಿತಿ

ಮಗುವಿನ ತಂದೆಯನ್ನು ಕೆಲವು ತಿಂಗಳ ನಂತರ ಅವರ ಮನೆಯಲ್ಲಿ ಭೇಟಿಯಾದೆ. ಅವರಿಗೆ ಉದ್ಯಾನದ ಮೇಲೆ ಸಿಟ್ಟಿರಲಿಲ್ಲ, ತಮ್ಮ ಮೇಲೆ ಇತ್ತು. ಉಬ್ಬಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ಬಹಳ ಹೊತ್ತು ಅದನ್ನೇ ನೋಡಿ, "ಇದನ್ನ ಅಲ್ಲಿ ಬರೆದು ಹಾಕಿ ಸರ್" ಎಂದರು. ಕೌಂಟರಿನ ಅಳತೆಗೋಲಿನ ಪಕ್ಕದಲ್ಲಿ ಈಗ ಒಂದು ಚಿತ್ರವಿದೆ: ದೊಡ್ಡವರು ಮತ್ತು ಮಗು ಒಂದೇ ಕಂಬಿಯ ಹಿಂದೆ, ಮಗುವಿನ ತೊಡೆಗೂ ಕಂಬಿಗೂ ನಡುವಿನ ಖಾಲಿ ಜಾಗ ಕೆಂಪಿನಲ್ಲಿ, ಕೆಳಗೆ "ಕೈಯಲ್ಲಿ ಹಿಡಿದರೆ ಸಾಲದು" ಎಂಬ ಒಂದು ಸಾಲು. ದೊಡ್ಡ ಫಲಕ ಮಾಡದ ಕೆಲಸವನ್ನು ಈ ಚಿತ್ರ ಮಾಡುತ್ತಿದೆ. ನಿಯಮದ ಕಾರಣ ಕಣ್ಣಿಗೆ ಕಂಡಾಗ ಜನ ಒಪ್ಪುತ್ತಾರೆ. ಕೌಂಟರಿನ ಮಹಿಳೆಯ ಅನುಭವವೂ ಇದೇ.

ಶಾಲಾ ಪ್ರವಾಸಗಳಲ್ಲಿ ತೊಡಕು ಉಳಿದಿದೆ. ಅರವತ್ತು ಮಕ್ಕಳಿಗೆ ಒಂದೇ ರಸೀದಿ ಮಾಡಿಸಿಕೊಂಡು ಬರುವ ಶಿಕ್ಷಕರಿಗೆ ಪ್ರತಿ ಮಗುವನ್ನೂ ಅಳೆಯುವಷ್ಟು ಸಮಯವಿರುವುದಿಲ್ಲ, ಗೆಳೆಯರೆಲ್ಲ ಹಸಿರು ಪಟ್ಟಿ ಕಟ್ಟಿಕೊಂಡಾಗ ಒಂದಿಬ್ಬರು ಹಳದಿ ಕಟ್ಟಿಕೊಂಡು ನಿಲ್ಲುವುದು ಮಕ್ಕಳಿಗೆ ಅವಮಾನವೆನಿಸುತ್ತದೆ. ಈಗ ಬುಕಿಂಗ್ ಮಾಡುವಾಗಲೇ ಮುಖ್ಯೋಪಾಧ್ಯಾಯರಿಗೆ ಪತ್ರ ಕಳುಹಿಸಿ, ಮಕ್ಕಳ ಎತ್ತರವನ್ನು ಶಾಲೆಯಲ್ಲೇ ಅಳೆದು ಪಟ್ಟಿ ತರುವಂತೆ ಕೇಳುತ್ತಿದ್ದಾರೆ. ಕೆಲವು ಶಾಲೆಗಳು ತರುತ್ತಿವೆ, ಕೆಲವು ಮರೆಯುತ್ತವೆ, ಒಂದು ಶಾಲೆ ಬುಕಿಂಗನ್ನೇ ರದ್ದು ಮಾಡಿತು.

ಪ್ರತಿಯೊಬ್ಬರಿಗೂ ಬೇರೆ ಬೇರೆ ಕಂಬಿಯಿರುವ ಡಬ್ಬಿಗಳಿಗೆ ಮಾಲೀಕರು ತಯಾರಕರಿಂದ ದರಪಟ್ಟಿ ತರಿಸಿಕೊಂಡಿದ್ದಾರೆ. ಮೊತ್ತ ದೊಡ್ಡದು, ಅಡಿಕೆಯ ಧಾರಣೆ ನೋಡಿಕೊಂಡು ಮುಂದಿನ ಬೇಸಿಗೆಗೆ ತೀರ್ಮಾನ ಮಾಡುವುದಾಗಿ ಹೇಳಿದ್ದಾರೆ. ಆ ಡಬ್ಬಿಗಳು ಬರುವವರೆಗೆ ಹನ್ನೆರಡು ವರ್ಷದೊಳಗಿನ ಯಾರನ್ನೂ ಕೊನೆಯ ಡಬ್ಬಿಯಲ್ಲಿ ಕೂರಿಸಬಾರದೆಂಬ ನನ್ನ ಸಲಹೆಯನ್ನು ಅವರು ಒಪ್ಪಿ, ಆ ಡಬ್ಬಿಗೆ ಬೇರೆ ಬಣ್ಣ ಹೊಡೆಸಿದ್ದಾರೆ.